ಅಪರ್ಣಾ ಕಲಿಸಿದ ಕನ್ನಡ

2024ರ ಜುಲೈ 11ರ ರಾತ್ರಿ ಕನಕಪುರದಿಂದ ಆಪಾ ಫೋನ್ ಮಾಡಿದಾಗ ಗಂಟೆ ಹನ್ನೊಂದು ದಾಟಿತ್ತು. ಅಷ್ಟು ಹೊತ್ತಿನಲ್ಲಿ ಫೋನ್ ಬಂದರೆ ಬಂಧುಗಳಲ್ಲಿ ಯಾರು ಹೋದರೋ ಎಂದೇ ಎದೆ ಹೊಡೆದುಕೊಳ್ಳುತ್ತದೆ. ಆಪಾ ಅಳುತ್ತಿದ್ದರು. "ಅಪರ್ಣಾ ಗುಜರ್ ಗಯೇ ಕತೆ" ಎಂದರು. ತೀರಿಕೊಂಡರಂತೆ. ಯಾವ ಅಪರ್ಣಾ ಎಂದು ನಾವು ಕೇಳಲಿಲ್ಲ. ನಮ್ಮ ಮನೆಗೆ ಗೊತ್ತಿದ್ದುದು ಒಬ್ಬರೇ ಅಪರ್ಣಾ. ಅವರನ್ನು ನಾವು ಒಮ್ಮೆಯೂ ಎದುರಿಗೆ ಕಂಡವರಲ್ಲ.

ರಾಮನಗರದಲ್ಲಿ ಅಬ್ಬಾ ರೇಷ್ಮೆ ನೂಲು ಬಿಚ್ಚುವ ನಾಲ್ಕು ಬೇಸಿನ್ ಇಟ್ಟುಕೊಂಡಿದ್ದರು. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಹಗಲೆಲ್ಲ ಬೇಯುವ ಗೂಡಿನ ವಾಸನೆ, ಸಂಜೆ ಕೈಕಾಲು ತೊಳೆದು ನಮಾಜು ಮುಗಿಸಿ ಟಿವಿಯ ಮುಂದೆ ಕೂರುವುದು. ಬ್ಲ್ಯಾಕ್ ಅಂಡ್ ವೈಟ್ ಟಿವಿ. ಗಾಳಿ ಬಂದರೆ ಆಂಟೆನಾ ತಿರುಗಿಸಲು ಮಾಳಿಗೆ ಹತ್ತುವುದು ನಮ್ಮ ಕೆಲಸ. ದಿಲ್ಲಿಯ ಹಿಂದಿ ವಾರ್ತೆಗೆ ಸಲ್ಮಾ ಸುಲ್ತಾನ್ ಬಂದರೆ ಅಮ್ಮಿ ಅಡುಗೆಮನೆಯಿಂದ ಎದ್ದು ಬರುತ್ತಿದ್ದರು. 1984ರ ಅಕ್ಟೋಬರ್ 31ರ ಸಂಜೆ ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ದೇಶಕ್ಕೆ ಓದಿ ಹೇಳಿದವರು ಅವರು. ಅಮ್ಮಿಗೆ ಆ ಸುದ್ದಿಯಷ್ಟೇ ಅವರ ಕಿವಿಯ ಹಿಂದಿನ ಗುಲಾಬಿಯೂ ನೆನಪಿತ್ತು. ನಮ್ಮಂಥ ಹೆಸರಿನ ಹೆಣ್ಣುಮಗಳೊಬ್ಬಳು ಇಡೀ ದೇಶಕ್ಕೆ ಸುದ್ದಿ ಹೇಳುತ್ತಾಳಲ್ಲ ಎಂಬ ಹೆಮ್ಮೆ ಅದು.

ಸಲ್ಮಾ ಸುಲ್ತಾನ್ ಅಮ್ಮಿಯವರಾದರೆ ಅಪರ್ಣಾ ಆಪಾ ಅವರವರು. ಬೆಂಗಳೂರು ದೂರದರ್ಶನದಲ್ಲಿ, ಮುಂದೆ ಚಂದನ ಎಂದು ಹೆಸರಾದ ವಾಹಿನಿಯಲ್ಲಿ, ತೊಂಬತ್ತರ ದಶಕದ ಉದ್ದಕ್ಕೂ ಅವರು ಕಾರ್ಯಕ್ರಮಗಳನ್ನು ನಿರೂಪಿಸುತ್ತಿದ್ದರು. ಚಿಕ್ಕಮಗಳೂರು ಜಿಲ್ಲೆಯ ಪಂಚನಹಳ್ಳಿಯಲ್ಲಿ 1966ರಲ್ಲಿ ಹುಟ್ಟಿದವರು. ಎಂಬತ್ತರ ದಶಕದ ನಡುವೆ, ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ 'ಮಸಣದ ಹೂವು' ಅವರ ಮೊದಲ ಚಿತ್ರವಾಯಿತು. ಅಷ್ಟು ದೊಡ್ಡ ನಿರ್ದೇಶಕರ ಕೈಯಲ್ಲಿ ಸಿನಿಮಾ ಶುರುಮಾಡಿದವರು ನಾಯಕಿಯಾಗಿಯೇ ಉಳಿಯಬಹುದಿತ್ತು. ಅವರ ಬದುಕು ದನಿಯ ಕಡೆಗೆ ತಿರುಗಿತು. ಆಕಾಶವಾಣಿ, ದೂರದರ್ಶನ, ಸರ್ಕಾರದ ಸಮಾರಂಭಗಳು. 1998ರ ದೀಪಾವಳಿಗೆ ಸತತವಾಗಿ ಎಂಟು ಗಂಟೆಗಳ ಕಾಲ ಕಾರ್ಯಕ್ರಮಗಳನ್ನು ನಡೆಸಿಕೊಟ್ಟರು. ಸೀರೆಯ ನೆರಿಗೆ ಕೆಡಲಿಲ್ಲ, ಮಾತಿನ ನೆರಿಗೆಯೂ ಕೆಡಲಿಲ್ಲ ಎಂದು ಆಪಾ ಇವತ್ತಿಗೂ ಹೇಳುತ್ತಾರೆ.

ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಸೇರಿದವರು. ಅಲ್ಲಿ ಮಾಗಡಿ ರಸ್ತೆಯ, ಕನಕಪುರ ರಸ್ತೆಯ ಹಳ್ಳಿಗಳಿಂದ ಬರುತ್ತಿದ್ದ ಹುಡುಗರು 'ಹಾಲು' ಎನ್ನಲು 'ಆಲು' ಎನ್ನುತ್ತಿದ್ದರು. ಉರ್ದು ಓದಿದ ನಾಲಿಗೆಗೆ ಹಕಾರ, ಮಹಾಪ್ರಾಣ ಎರಡೂ ಸಲೀಸು. ಆದರೆ ಳಕಾರ ಬಂದರೆ ನಾವು ಜಾರಿ ಬೀಳುತ್ತಿದ್ದೆವು. ನಮ್ಮ ಬಾಯಲ್ಲಿ ಹಳ್ಳಿ ಹಲ್ಲಿಯಾಗುತ್ತಿತ್ತು. ಅವರು ನಮ್ಮನ್ನು ಕಂಡು ನಗುವುದು, ನಾವು ಅವರನ್ನು ಕಂಡು ನಗುವುದು. ಕನ್ನಡ ಮೇಷ್ಟ್ರು ಇಬ್ಬರ ಕಿವಿಯನ್ನೂ ಹಿಂಡಿ ಹೇಳುತ್ತಿದ್ದರು: "ಹೋಗ್ರೋ, ಸಂಜೆ ಟಿವೀಲಿ ಆಯಮ್ಮ ಮಾತಾಡೋದನ್ನ ಕೇಳಿಸ್ಕೊಳ್ಳಿ."

ಮೇಷ್ಟ್ರ ಮಾತನ್ನು ನಮಗಿಂತ ಹೆಚ್ಚು ಶ್ರದ್ಧೆಯಿಂದ ಪಾಲಿಸಿದವರು ಆಪಾ. ಅಪರ್ಣಾ ಹೇಳಿದ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬೇಸಿನ್ ಮನೆಯ ಗದ್ದಲದ ನಡುವೆ ನಿಂತು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಚನ್ನಪಟ್ಟಣದಲ್ಲಿ ನಮ್ಮ ಮಾಮು ಬೊಂಬೆಯ ಕೆಲಸದವರು. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದು ಬಣ್ಣ ಏರಿಸುತ್ತ, "ಇವಳು ನಾಲಿಗೇನ ಪಟ್ಟಡೇಲಿ ಕೊಟ್ಟು ತಿರುಗಿಸ್ತಾ ಇದಾಳೆ" ಎಂದು ನಗುತ್ತಿದ್ದರು. ಮಾತು ತಮಾಷೆಯದಾದರೂ ನಿಜವಿತ್ತು. ಮರದ ಒರಟು ಹೋಗಿ ಹೊಳಪು ಬರುವ ಹಾಗೆ ಆಪಾ ಅವರ ಕನ್ನಡ ದಿನದಿನಕ್ಕೆ ನುಣುಪಾಗುತ್ತಿತ್ತು.

1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆಯನ್ನು ಆರಂಭಿಸಿತು. ಸಂಜೆಯ ಕನ್ನಡ ವಾರ್ತೆಯ ಬೆನ್ನಿಗೇ ಅದು ಬರುತ್ತಿತ್ತು. ದಾದಿಗೆ ಸಂತೆಯ ಕನ್ನಡ ಬಿಟ್ಟರೆ ಬೇರೆ ಕನ್ನಡ ಬಾರದು. ಅಷ್ಟು ವರ್ಷ ಟಿವಿಯಲ್ಲಿ ಚಿತ್ರವನ್ನಷ್ಟೇ ನೋಡಿಕೊಂಡಿದ್ದವರು ಆ ಸಂಜೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತರು. ನಮ್ಮ ಬೆಂಗಳೂರಿನ, ನಮ್ಮ ಕಡೆಯ ಸುದ್ದಿ ಮೊದಲ ಬಾರಿಗೆ ಅವರಿಗೆ ಪೂರ್ತಿ ಅರ್ಥವಾಯಿತು.

ಆ ಸಂತೋಷ ವಾರವೂ ಬಾಳಲಿಲ್ಲ. ಕನ್ನಡದ ಮುಖ್ಯ ಸಮಯದಲ್ಲಿ ಉರ್ದುವಿಗೆ ಜಾಗ ಏಕೆ ಎಂದು ಪ್ರತಿಭಟನೆ ಎದ್ದಿತು. ಪ್ರಶ್ನೆ ಕೇಳಿದವರೆಲ್ಲರೂ ಕೆಟ್ಟವರೆಂದು ನಾವು ಹೇಳಲಾರೆವು. ತನ್ನ ನೆಲದಲ್ಲೇ ತನಗೆ ಜಾಗ ಸಾಲುತ್ತಿಲ್ಲ ಎಂಬ ಕನ್ನಡದ ಅಳಲು ಹಳೆಯದು, ಅದರಲ್ಲಿ ಸುಳ್ಳಿಲ್ಲ. ಆದರೆ ಅಕ್ಟೋಬರ್ 7ರ ಹೊತ್ತಿಗೆ ಪ್ರಶ್ನೆ ಕೇಳುವವರ ಕೈಯಿಂದ ಅದು ಬೆಂಕಿ ಹಚ್ಚುವವರ ಕೈಗೆ ಹೋಗಿತ್ತು. ಬೆಂಗಳೂರಿನ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬುಲೆಟಿನ್ ನಿಂತಿತು.

ಅದು ನಿಲ್ಲುವ ಮುಂಚಿನ ಒಂದು ಸಂಜೆ ನಮಗೆ ಮರೆಯುವುದಿಲ್ಲ. ಉರ್ದು ವಾರ್ತೆ ಶುರುವಾದ ಕೂಡಲೇ ಅಬ್ಬಾ ಎದ್ದು ಬೀದಿಯ ಕಿಟಕಿ ಮುಚ್ಚಿ, "ಆವಾಜ್ ಕಮ್ ಕರ್ ರೇ" ಎಂದರು. ನಾವು ಸದ್ದು ತಗ್ಗಿಸಿದೆವು. ದಾದಿ, "ಹಮಾರೀಚ್ ಜಬಾನ್ ಹೈ ನಾ, ಡರ್‌ನಾ ಕಾಯ್ಕು?" ಎಂದು ಕೇಳಿದರು. ನಮ್ಮದೇ ಭಾಷೆ ತಾನೇ, ಹೆದರುವುದೇಕೆ? ಅಬ್ಬಾ ಉತ್ತರ ಕೊಡಲಿಲ್ಲ. ದಾದಿ ಟಿವಿಗೆ ಕಿವಿ ಹಚ್ಚಿ ಕೂತು ಉಳಿದ ವಾರ್ತೆ ಕೇಳಿದರು. ಮರುದಿನ ಪಕ್ಕದ ಮನೆಯ ಗೌಡರು, ಅಬ್ಬಾ ಅವರ ಇಪ್ಪತ್ತು ವರ್ಷದ ಸ್ನೇಹಿತರು, ಜಗಲಿಯ ಮೇಲೆ ಕೂತು, "ಅಲ್ಲ ಸಾಬ್ರೇ, ನಿಮಗೆ ಕನ್ನಡ ವಾರ್ತೆ ಸಾಲ್ದಾಗಿತ್ತಾ?" ಎಂದು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ಅಬ್ಬಾ ಅದಕ್ಕೂ ಸುಮ್ಮನಿದ್ದರು.

ನಮಗೆ ಈಗ ಉತ್ತರ ಗೊತ್ತಿದೆ, ಆದರೆ ಕೇಳಿದವರೂ ಇಲ್ಲ, ಹೇಳಬೇಕಾಗಿದ್ದವರೂ ಇಲ್ಲ. ನಮಗೆ ಕನ್ನಡ ವಾರ್ತೆ ಸಾಲುತ್ತಿತ್ತು ಗೌಡರೇ. ದಾದಿಗೆ ಸಾಲುತ್ತಿರಲಿಲ್ಲ. ಅಷ್ಟೇ ವಿಷಯ. ಅದೇ ಟಿವಿಯಲ್ಲಿ ಅಪರ್ಣಾ ಬಂದಾಗ ಆಪಾ ತಾವೇ ಸದ್ದು ಜೋರು ಮಾಡುತ್ತಿದ್ದರು, ಆಗ ಯಾರೂ ಕಿಟಕಿ ಮುಚ್ಚುತ್ತಿರಲಿಲ್ಲ. ಎರಡೂ ಒಂದೇ ಮನೆಯ ದನಿಗಳಾಗಿದ್ದವು. ಒಂದನ್ನು ಬೀದಿಗೆ ಕೇಳಿಸಬಹುದಿತ್ತು, ಇನ್ನೊಂದನ್ನು ಕೇಳಿಸುವಂತಿರಲಿಲ್ಲ.

ಮೂರು ವರ್ಷದ ನಂತರ ಆಪಾ ಒಂದು ಕಡೆ ನಿರೂಪಕಿಯ ಕೆಲಸಕ್ಕೆ ಅರ್ಜಿ ಹಾಕಿದರು. ದನಿ ಪರೀಕ್ಷೆಗೆ ಕರೆ ಬಂತು. ಅಬ್ಬಾ ತಾವೇ ಜೊತೆಗೆ ಹೋದರು. ಆಪಾ ಒಂದು ಪುಟವನ್ನು ಎಲ್ಲಿಯೂ ತಡವರಿಸದೆ ಓದಿದರು. ಕೇಳಿದವರು ತಲೆದೂಗಿ, ಹೆಸರನ್ನು ಇನ್ನೊಮ್ಮೆ ನೋಡಿ, "ಅಮ್ಮಾ, ನೀವು ಮಾತಾಡಿದ್ರೆ ಮುಸ್ಲಿಮರು ಅಂತ ಗೊತ್ತೇ ಆಗಲ್ಲ. ಇಷ್ಟು ಒಳ್ಳೇ ಕನ್ನಡ ನಿಮಗೆ ಹೇಗೆ ಬಂತು?" ಎಂದರು. ಹೊಗಳಿಕೆಯೇ ಅದು. ಕಾಗದ ಮಾತ್ರ ಬರಲಿಲ್ಲ. ಬಾರದಿರುವುದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ಹೊಗಳಿಕೆಯನ್ನು ಕನ್ನಡದಲ್ಲಿ ಕಥೆ ಬರೆಯುವ ನಾವೂ ವರ್ಷಕ್ಕೆ ನಾಲ್ಕು ಸಲ ಕೇಳುತ್ತೇವೆ. ಪ್ರತಿ ಸಲವೂ ಧನ್ಯವಾದ ಎನ್ನುತ್ತೇವೆ, ಪ್ರತಿ ಸಲವೂ ಅತಿಥಿಯ ಚಾಪೆಗೆ ಸರಿದು ಕೂತ ಹಾಗಾಗುತ್ತದೆ.

ಆಪಾ ಕನಕಪುರಕ್ಕೆ ಸೊಸೆಯಾಗಿ ಹೋದರು. ಅಲ್ಲಿ ಶಾಲೆಯ ವಾರ್ಷಿಕೋತ್ಸವವಿರಲಿ, ರಾಜ್ಯೋತ್ಸವವಿರಲಿ, ಮೈಕು ಅವರ ಕೈಗೇ ಬರುತ್ತದೆ. ಮೈಕಿನ ಮುಂದೆ ನಿಂತಾಗ ಸೀರೆಯ ಸೆರಗನ್ನು ಸರಿಮಾಡಿಕೊಂಡು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಒಂದು ಕ್ಷಣ ಅಪರ್ಣಾ ಅವರಿಂದ ಬಂದದ್ದು.

ಟಿವಿ ಮಾತ್ರ ಬದಲಾಯಿತು. ಇಪ್ಪತ್ತನಾಲ್ಕು ಗಂಟೆಯ ಸುದ್ದಿವಾಹಿನಿಗಳು ಬಂದವು. ಸುದ್ದಿ ಹೇಳುವವರು ನಮ್ಮ ಮುಖಕ್ಕೇ ಕೂಗತೊಡಗಿದರು. 2020ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಪಾದರಾಯನಪುರದ ಗಲಾಟೆಯಲ್ಲಿ ಬಂಧಿತರಾದವರನ್ನು ನಮ್ಮ ರಾಮನಗರದ ಜೈಲಿಗೆ ತಂದರು. ಅವರಲ್ಲಿ ಕೆಲವರಿಗೆ ಕೊರೊನಾ ಇರುವುದು ಗೊತ್ತಾಗಿ ಊರು ಗಾಬರಿಯಾಯಿತು. ಗಾಬರಿ ಸಹಜ. ಆದರೆ ಅದಕ್ಕೂ ಮುಂಚಿನಿಂದಲೇ ಕೆಲವು ವಾಹಿನಿಗಳಲ್ಲಿ ರೋಗಕ್ಕೆ ಒಂದು ಧರ್ಮದ ಹೆಸರು ಹಚ್ಚಿ ಕೂಗುವುದು ನಡೆದಿತ್ತು. ತಬ್ಲೀಗಿಗೆ ಬಂದಿದ್ದ ವಿದೇಶಿಯರನ್ನು ಬಲಿಪಶು ಮಾಡಲಾಯಿತು ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ವರ್ಷದ ಆಗಸ್ಟಿನಲ್ಲಿ ಹೇಳಿತು, ಮಾಧ್ಯಮಗಳ ಪ್ರಚಾರವನ್ನೂ ಟೀಕಿಸಿತು. ತೀರ್ಪು ಬರುವವರೆಗೆ ತಳ್ಳುಗಾಡಿಯ ತರಕಾರಿಯವನು ಕಾಯಬೇಕಲ್ಲ? ಆ ಏಪ್ರಿಲ್‌ನಲ್ಲಿ ನಾವು ಮತ್ತೆ ಟಿವಿಯ ಸದ್ದು ತಗ್ಗಿಸಿದೆವು. ಈ ಸಲ ತಗ್ಗಿಸಿದ್ದು ಕನ್ನಡದ ಸದ್ದನ್ನು, ಎಂಬತ್ತರ ಹತ್ತಿರದ ಅಮ್ಮಿಗೆ ಕೇಳಿಸದಿರಲೆಂದು. ನಮಗೆ ನೋವಾದದ್ದು ಅದಕ್ಕೆ. ಅಪರ್ಣಾ ಅಂಥವರ ಬಾಯಿಂದ ನಾವು ಕಲಿತ ಭಾಷೆ ಅದು.

ಅಪರ್ಣಾ ಅವರ ಸ್ವಂತ ಬದುಕಿನ ಬಗ್ಗೆ ನಮಗೆ ಹೆಚ್ಚೇನೂ ಗೊತ್ತಿರಲಿಲ್ಲ. ವಾಸ್ತುಶಿಲ್ಪಿಯೂ ಕವಿ, ಕಥೆಗಾರರೂ ಆದ ನಾಗರಾಜ ವಸ್ತಾರೆಯವರ ಮಡದಿ ಎಂದು ಗೊತ್ತಿತ್ತು. 2013ರಲ್ಲಿ ಬಿಗ್ ಬಾಸ್ ಮನೆಗೆ ಹೋದಾಗ ಆಪಾ ಮುನಿಸಿಕೊಂಡರು. 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ನಗಿಸಿದಾಗ ಮುನಿಸು ಹೋಯಿತು. ಅವರು ಹೋದ ಮೇಲೆ ತಿಳಿದದ್ದು ಇಷ್ಟು: ಎರಡು ವರ್ಷ ಹಿಂದೆಯೇ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೆಯ ಹಂತದಲ್ಲಿದೆ ಎಂದು ಗೊತ್ತಾಗಿತ್ತು. ಆರು ತಿಂಗಳ ಮಾತಾಡಿದ್ದರು ವೈದ್ಯರು. ಅವರು ಎರಡು ವರ್ಷ ಬದುಕಿದರು. ಅಷ್ಟೂ ದಿನ ಹೊರಗೆ ಹೇಳಿಕೊಳ್ಳಲಿಲ್ಲ. ವಸ್ತಾರೆಯವರು ಬನಶಂಕರಿಯ ಮನೆಯಲ್ಲಿ ಆ ರಾತ್ರಿ ಇದನ್ನು ತಿಳಿಸಿದಾಗಲೇ ನಾಡಿಗೆ ತಿಳಿಯಿತು.

ನಾಲ್ಕು ದಶಕ ಬೇರೆಯವರ ವಿಷಯವನ್ನು ಅಷ್ಟು ಚೆನ್ನಾಗಿ ಹೇಳಿದವರು ತಮ್ಮ ನೋವನ್ನು ಮನೆಯೊಳಗೇ ಇಟ್ಟುಕೊಂಡರು. ಎದೆಯ ರೋಗ ಉಸಿರಿಗೆ ಬಂದದ್ದು, ಉಸಿರೇ ಅವರ ಕಸುಬು. ಅದನ್ನು ಯೋಚಿಸಿದರೆ ನಮಗೆ ಸಂಕಟವಾಗುತ್ತದೆ. ಮರುದಿನ ಅಮ್ಮಿಗೆ ಹೇಳಿದಾಗ ತಸ್ಬೀಹ್ ಕೆಳಗಿಟ್ಟು, "ಪಾಪ, ಯಾರ ಮೇಲೂ ದನಿ ಎತ್ತಿದವರಲ್ಲ" ಎಂದರು. ಕನ್ನಡದಲ್ಲಿಯೇ ಹೇಳಿದರು.

ಮುಂದಿನ ವಾರ ಆಪಾ ಅವರ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಬೇಕಾಯಿತು. ರಾಮನಗರದಿಂದ ರೈಲಿನಲ್ಲಿ ಕೆಂಗೇರಿಗೆ ಬಂದು ಮೆಟ್ರೊ ಹತ್ತಿದೆವು. ಬಾಗಿಲು ಮುಚ್ಚಿದ ಕೂಡಲೇ ಆ ದನಿ ಬಂತು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಎಂದಿನಂತೆ ಸಮಾಧಾನದಿಂದ ಹೇಳಿತು. ಆಪಾ ನಮ್ಮ ಕೈ ಹಿಡಿದುಕೊಂಡರು. ಗಾಡಿಯಲ್ಲಿ ಎಲ್ಲ ಬಗೆಯ ಜನ, ಎಲ್ಲರಿಗೂ ಒಂದೇ ಮರ್ಯಾದೆಯ ದನಿ. ಅತ್ತಿಗುಪ್ಪೆ ದಾಟಿತು, ವಿಜಯನಗರ ಬಂತು. ಆಪಾ ಕಣ್ಣು ಮುಚ್ಚಿಕೊಂಡು, ಬೇಸಿನ್ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ ಹಾಗೆ, ಆ ದನಿಯ ಜೊತೆಗೇ ಮುಂದಿನ ಹೆಸರನ್ನು ಹೇಳಿದರು: ಹೊಸಹಳ್ಳಿ. ಹಕಾರ ಎರಡೂ ಸರಿಯಾಗಿದ್ದವು, ಳಕಾರವೂ ಸರಿಯಾಗಿತ್ತು.