ರಾಹುತನ ಊರಿನಿಂದ ಕುಣಿಗಲ್‌ವರೆಗೆ

ನಮ್ಮ ತಾತ ಹಾಸನದಲ್ಲಿ ಜಟಕಾ ಹೊಡೆಯುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಗಾಡಿಯೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಅಟ್ಟದ ಮೇಲೆ ತುಕ್ಕು ಹಿಡಿದ ಒಂದು ಲಾಳ ಉಳಿದಿತ್ತು, ಅಷ್ಟೆ. ‘ಕುದುರೆಗೆ ಹುರುಳಿ ಬೆಂದ ಮೇಲೇ ನನಗೆ ಮುದ್ದೆ’ ಅನ್ನುತ್ತಿದ್ದರು ತಾತ. ನನಗೆ ಗೊತ್ತಿದ್ದ ಕುದುರೆ ವಿದ್ಯೆ ಅಷ್ಟೇ.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನದ ಬಗ್ಗೆ ನಾನು ಎಷ್ಟು ಸಲ ಸುದ್ದಿ ಕಳಿಸಿದ್ದೇನೋ ಲೆಕ್ಕವಿಲ್ಲ. ಕೆರೆ ಪಕ್ಕ, ನಾಲ್ಕು ಗರ್ಭಗುಡಿ, 12ನೇ ಶತಮಾನದ ಆರಂಭ, ವಿಷ್ಣುವರ್ಧನನ ಕಾಲ, ಕಟ್ಟಿಸಿದವರು ವ್ಯಾಪಾರಿ ಕುಲ್ಲಹಣ ರಾಹುತ ಮತ್ತು ಹೆಂಡತಿ ಸಹಜಾದೇವಿ. ಪ್ರತಿ ಸಲವೂ ಇವೇ ಸಾಲುಗಳು. ಹೋದ ವರ್ಷ ಊರಿನ ಹಿರಿಯರೊಬ್ಬರು, ‘ರಾಹುತ ಅಂದ್ರೆ ಏನು ಹೇಳಪ್ಪ ನೋಡೋಣ’ ಎಂದರು. ಕುದುರೆ ಸವಾರ! ಇಷ್ಟು ವರ್ಷ ಬರೆದ ಹೆಸರಿನೊಳಗೇ ಕುದುರೆ ಇತ್ತು, ನಾನು ನೋಡಿರಲಿಲ್ಲ.

ಆ ಕಾಲಕ್ಕೆ ಒಳ್ಳೆಯ ಕುದುರೆ ಅರೇಬಿಯಾ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಈ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಬಂದ ಕುದುರೆಗಳು ಆರೈಕೆ ಗೊತ್ತಿಲ್ಲದೆ ಸಾಯುತ್ತಿದ್ದವಂತೆ. ಒಳ್ಳೆಯ ಗಂಡಿಗೆ ಒಳ್ಳೆಯ ಹೆಣ್ಣು ಕೂಡಿಸಿದರೂ ಹುಟ್ಟುವ ಮರಿ ಕುಳ್ಳು, ಕಾಲು ಸೊಟ್ಟ. ಅಂದರೆ ತಳಿ ಒಂದೇ ಸಾಲದು.

ಇದು ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಕುಣಿಗಲ್‌ನಲ್ಲಿ ಬಸ್ ಇಳಿದೆ. ಅಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಅಶ್ವದಳದ ಕಾಲದ್ದು. ನಾನೂರು ಎಕರೆಗೂ ಮೀರಿದ ಜಾಗ. ಸೈನ್ಯದ ಕುದುರೆ ಹೋಗಿ ರೇಸಿನ ಕುದುರೆ ಬಂತು. 1992ರಲ್ಲಿ ಸರ್ಕಾರ ಅದನ್ನು 30 ವರ್ಷಕ್ಕೆ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತು. ಆ ಅವಧಿ ಮುಗಿದ ಮೇಲೆ ಅಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ ಬಂತು, ಊರಿನ ಜನ ವಿರೋಧಿಸಿದರು.

ಅಲ್ಲಿ ಬೆಳೆಯುವುದು ಥರೋಬ್ರೆಡ್. ಅದೂ ಅರಬ್ಬಿ ರಕ್ತದ ಸಂತಾನವೇ. ಇಂಗ್ಲೆಂಡಿಗೆ ಪೂರ್ವದಿಂದ ಹೋದ ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬೈಯರ್ಲಿ ಟರ್ಕ್ ಎಂಬ ಮೂರು ಗಂಡು ಕುದುರೆಗಳಿಗೆ ಇಂದಿನ ಎಲ್ಲ ಥರೋಬ್ರೆಡ್‌ಗಳ ತಂದೆಯ ಸಾಲು ಹೋಗಿ ಸೇರುತ್ತದೆ. ದೂರದ ಓಟಕ್ಕೆ ಅರಬ್ಬಿ, ವೇಗಕ್ಕೆ ಥರೋಬ್ರೆಡ್. ನಮ್ಮ ದನಗಳಿಗೆ ಡಾಕ್ಟರು ಇಂಜೆಕ್ಷನ್ ಕೊಟ್ಟ ಹಾಗೆ ಇಲ್ಲಿ ನಡೆಯುವುದಿಲ್ಲ. ಗಂಡು-ಹೆಣ್ಣು ಕೂಡಿಯೇ ಮರಿಯಾಗಬೇಕು, ಇಲ್ಲದಿದ್ದರೆ ತಳಿ ಪುಸ್ತಕದಲ್ಲಿ ಹೆಸರು ಸೇರುವುದಿಲ್ಲ. ಗಬ್ಬ ಸುಮಾರು ಹನ್ನೊಂದು ತಿಂಗಳು.

ಟೀ ಅಂಗಡಿಯಲ್ಲಿ ಸಿಕ್ಕ ಹಳೆಯ ಸೈಸ್ ಒಬ್ಬರು ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದರು. ‘ಮೊಲೆ ತುದೀಲಿ ಮೇಣದಂಗೆ ಕಟ್ಟಿದ್ರೆ ಇನ್ನೇನು ಈಯುತ್ತೆ ಅಂತ ಸಾರ್. ಈಯೋದು ಹೆಚ್ಚಾಗಿ ರಾತ್ರಿನೇ. ಜನ ಇದ್ರೆ ಈಯಲ್ಲ, ತಡೆ ಹಿಡಿಯುತ್ತೆ. ಕತ್ಲಲ್ಲಿ ಉಸಿರು ಬಿಗಿಹಿಡಿದು ಕೂತಿರ್ಬೇಕು. ಮರಿ ಒಂದೆರಡು ಗಂಟೇಲಿ ಎದ್ದು ನಿಂತು ಗಿಣ್ಣು ಹಾಲು ಕುಡೀಲಿಲ್ಲ ಅಂದ್ರೆ ಡಾಕ್ಟ್ರಿಗೆ ಫೋನು.’ ಅವರ ಅಪ್ಪನೂ ಅದೇ ಕೆಲಸದವರು. ‘ಕುದುರೇನ ಲಾರೀಲಿ ಎಲ್ಲಿಗೆ ಬೇಕಾದ್ರೂ ತಗೊಂಡೋಗ್ಬೌದು. ನಮ್ಮನ್ನ ಯಾರು ಹತ್ತಿಸ್ಕೋತಾರೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀ ದುಡ್ಡು ಕೊಡಲು ಹೋದರೆ ಅದಕ್ಕೂ ಬಿಡಲಿಲ್ಲ.

ಅಮೃತಮಹಲ್ ದನದ ಕತೆ ನಮ್ಮ ಅರಸೀಕೆರೆ ಕಡೆಯವರಿಗೆ ಗೊತ್ತಿರುವುದೇ. ಮೈಸೂರು ಒಡೆಯರ ಬೆಣ್ಣೆ ಚಾವಡಿ, ಟಿಪ್ಪು ಇಟ್ಟ ಹೆಸರು ಅಮೃತಮಹಲ್. ತಳಿಯನ್ನು ಕಾಪಾಡಬೇಕು ಅಂತ ಎಲ್ಲರೂ ಭಾಷಣ ಮಾಡಿದರು, ಆ ದನ ಮೇಯುತ್ತಿದ್ದ ಕಾವಲು ಮಾತ್ರ ತುಂಡು ತುಂಡಾಗಿ ಕರಗಿತು. ಕಾವಲಿನ ಜೊತೆ ದನಗಾಹಿಗಳೂ ಹೋದರು.

ಇದನ್ನು ಬರೆದು ಡೆಸ್ಕಿಗೆ ಕಳಿಸಿದೆ. ‘ಅದು ತುಮಕೂರು ಎಡಿಷನ್ ಕಣ್ರೀ, ನಿಮಗ್ಯಾಕೆ?’ ಎಂದು ವಾಪಸ್ ಬಂತು. ಸುದ್ದಿಗಿಷ್ಟು ಅಂತ ಕಾಸು ತಗೊಳ್ಳುವ ಸ್ಟ್ರಿಂಗರ್‌ಗೆ ಜಿಲ್ಲೆ ದಾಟಿದರೆ ದಕ್ಕುವುದಿಲ್ಲ, ತಪ್ಪು ಅವರದೂ ಅಲ್ಲ. ಆದರೆ ಎಕರೆ, ಕೋಟಿ, ಗುತ್ತಿಗೆ ಇಷ್ಟನ್ನೇ ಬರೆದಿದ್ದ ಸುದ್ದಿಗಳನ್ನು ಮತ್ತೆ ಓದಿದಾಗ, ನಾನು ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ ಅನಿಸಿತು. ಕತ್ತಲಲ್ಲಿ ಕೂತಿರುವವನು ಯಾವ ಸುದ್ದಿಯಲ್ಲೂ ಇರಲಿಲ್ಲ.

ಅಟ್ಟದ ಲಾಳ ಇಳಿಸಿ ನೋಡಿದೆ. ಒಂದು ಬದಿ ಹೆಚ್ಚು ಸವೆದಿದೆ. ಯಾವ ಕಾಲಿನದು, ಆ ಕುದುರೆ ಹೇಗೆ ನಡೆಯುತ್ತಿತ್ತು ಅಂತ ತಾತ ನೋಡಿದ ಕೂಡಲೇ ಹೇಳುತ್ತಿದ್ದರು. ಅವರಿದ್ದಾಗ ನಾನು ಕೇಳಲಿಲ್ಲ. ಕುಣಿಗಲ್‌ನ ಆ ಸೈಸ್ ಇನ್ನೂ ಇದ್ದಾರೆ. ಮುಂದಿನ ವಾರ ಮತ್ತೆ ಬಸ್ ಇಳಿಯುತ್ತೇನೆ, ಈ ಸಲ ರೆಕಾರ್ಡರ್ ಇಟ್ಟುಕೊಂಡು.