ಫಾಲ್ಗುಣದ ಹಾದಿಯಲ್ಲಿ ಹನ್ನೆರಡು ಚಿತ್ರಗಳು

ಶಿವರಾತ್ರಿಗೆ ಚಳಿಯು ‘ಶಿವಶಿವಾ’ ಎಂದು ಓಡಿಹೋಗುತ್ತದೆಂಬ ಮಾತು ಬಯಲುಸೀಮೆಯವರಿಗೆ ಒಪ್ಪಬಹುದು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಅದು ಹೋದಂತೆ ಮಾಡಿ ಬಾಗಿಲ ಹೊರಗೇ ನಿಂತಿರುತ್ತದೆ. ಪ್ರಾತಃಕಾಲದಲ್ಲಿ ಎದುರಿಗೆ ಬರುವ ಮನುಷ್ಯ ಕಾಣದಷ್ಟು ಮಂಜು. ಒಂಬತ್ತು ಗಂಟೆಗೆ ಕಣ್ಣು ಬಿಡಲಾಗದ ಬಿಸಿಲು. ಮಧ್ಯಾಹ್ನ ತಿರುಗುವಷ್ಟರಲ್ಲಿ ಘಟ್ಟದ ಅಂಚಿನಲ್ಲಿ ಕರಿಮೋಡ. ರಾತ್ರಿ ಆಕಾಶ ತಿಳಿಯಾಗಿದ್ದು ನೆಲ ತಣ್ಣಗಾದಾಗ ಕಣಿವೆಯ ತೇವವೇ ಮಂಜಾಗುತ್ತದೆ. ಹಗಲಿನ ಕಾವಿಗೆ ಕಡಲ ಕಡೆಯ ಗಾಳಿ ಘಟ್ಟವೇರಿ ಬಂದು ಮೋಡ ಕಟ್ಟುತ್ತದೆ. ಕಾರಣ ತಿಳಿದಿದ್ದರೂ ಇಂದು ಮಳೆ ಬಂದೀತೇ ಎಂದು ಕೇಳಿದರೆ ನಮ್ಮ ಹಿರಿಯರು ಉತ್ತರ ಕೊಡುತ್ತಿರಲಿಲ್ಲ, ನಗುತ್ತಿದ್ದರು.

1981ರ ಅಂಥದೊಂದು ಫಾಲ್ಗುಣದಲ್ಲಿ ನಾನು ಒಂದು ಆಗ್ಫಾ ಕ್ಲಿಕ್ ಕ್ಯಾಮರಾ ಹಿಡಿದು ಕಾಲ್ನಡಿಗೆಗೆ ಹೊರಟಿದ್ದೆ. ಅದರಲ್ಲಿ ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಈಗ ಜೇಬಿನ ಫೋನಿನಲ್ಲಿ ಒಂದು ಹೂವಿಗೆ ನೂರು ಚಿತ್ರ ತೆಗೆಯುವ ಕಿರಿಯರಿಗೆ ಆ ಹನ್ನೆರಡರ ಬೆಲೆ ಹೇಳಿದರೆ ಕಥೆಯೆನಿಸೀತು. ಕೈಯಲ್ಲಿದ್ದ ಹಣಕ್ಕೆ ಬಂದದ್ದು ಒಂದೇ ಸುರುಳಿ.

ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಎಲ್ಲರೂ ಚಿತ್ರಿಸುವರು. 1763ರಲ್ಲಿ ಹೈದರಾಲಿಯ ವಶವಾದ ಬಿದನೂರಿನ, ಎಂದರೆ ಇಂದಿನ ನಗರದ, ಕೋಟೆಯನ್ನೂ ಹಾಗೆಯೇ. ನನಗೆ ಬೇಕಾಗಿದ್ದುದು ಕೋಟೆಯಲ್ಲ, ಕೋಟೆಯ ಬಳಿಯ ದಾರಿಯಲ್ಲಿ ಸೊಪ್ಪಿನ ಬೆಟ್ಟದಿಂದ ತರಗೆಲೆಯ ಹೊರೆ ಹೊತ್ತು ಬರುವವರು. ಆದರೆ ವಯಸ್ಸಿನ ದೋಷ ನೋಡಿ: ಸಾಗರದ ಬಳಿ ಎಲೆಯುದುರಿಸಿ ಕೆಂಪಾಗಿ ನಿಂತ ಮುತ್ತುಗದ ಮರಕ್ಕೆ, ಕಪ್ಪುಬಿಳುಪಿನ ಸುರುಳಿಯೆಂಬುದನ್ನೂ ಮರೆತು, ನಾಲ್ಕು ಚಿತ್ರ ವ್ಯಯಿಸಿದೆ. ನಗರದಲ್ಲಿ ಎರಡು. ಕವಲೇದುರ್ಗಕ್ಕೆ ಏರುವ ಹಾದಿಯ ಗದ್ದೆಬದುವಿನಲ್ಲಿ ಮಂಜಿಗೆ ಮರುಳಾಗಿ ಮೂರು. ಮಂಜಿಗೆ ಯಾವ ಗುರುತು ಇಡಬೇಕೆಂದು ತಿಳಿಯದೆ ಒಮ್ಮೆ ಬಿಸಿಲು, ಒಮ್ಮೆ ಮೋಡ ಎಂದು ತಿರುಗಿಸುತ್ತಿದ್ದೆ.

ಮೂರು ಉಳಿದಿರಲು ಹೊಸನಗರ ತಾಲ್ಲೂಕಿನ ನನ್ನ ಸೋದರಮಾವನವರ ಮನೆ ಸೇರಿದೆ. ಅವರದು ಮುಳುಗಡೆಯ ಸಂಸಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹಬ್ಬಿದಾಗ ಮನೆ, ತೋಟ, ಬಾವಿ ಎಲ್ಲವನ್ನೂ ನೀರಿಗೆ ಬಿಟ್ಟು ಎದ್ದು ಬಂದವರು. ಜಲಾಶಯದ ಪೂರ್ಣಮಟ್ಟ 1819 ಅಡಿ. ಬೇಸಗೆ ಸಮೀಪಿಸಿದಂತೆ ನೀರು ಸರಿದು, ಅಂಚಿನ ನೆಲ ಬಿರುಕುಬಿಟ್ಟು ಮೇಲೇಳುತ್ತದೆ. ಮಾವ ನನ್ನ ಕೈಯ ಕ್ಯಾಮರಾ ನೋಡಿ, “ನಾಳೆ ಬೆಳಿಗ್ಗೆ ನಮ್ಮ ಹಳೇ ದಾರಿಗೆ ಹೋಗೋಣ ತಮ್ಮಾ. ಬಾವಿಕಟ್ಟೆಯ ಮೆಟ್ಟಿಲು ಕಾಣ್ತದೆ ಅಂತಾರೆ,” ಎಂದರು. ಹದಿನೇಳು ವರ್ಷ ಅವರು ಅತ್ತ ಹೆಜ್ಜೆಯಿಟ್ಟಿರಲಿಲ್ಲವೆಂದು ಅತ್ತೆ ಆಮೇಲೆ ಹೇಳಿದರು.

ಮರುದಿನ ಮಂಜು ಹರಿಯಲೇ ಇಲ್ಲ. ಹತ್ತು ಗಂಟೆಗೆ ಹೊರಡಬೇಕೆನ್ನುವಾಗ ಮೋಡ ಮುಸುಕಿ ನಾಲ್ಕು ದಪ್ಪ ಹನಿ ಬಿದ್ದವು. ಬೇಯಿಸಿದ ಅಡಿಕೆ ಅಂಗಳದ ಚಾಪೆಗಳ ಮೇಲಿತ್ತು. ನೆನೆದ ಅಡಿಕೆ ಬೂಸಲು ಹಿಡಿದು ಬಣ್ಣಗೆಟ್ಟರೆ ವರ್ಷದ ಬದುಕೇ ಇಳಿದಂತೆ. ಮನೆಮಂದಿಯೆಲ್ಲ ಅಂಗಳಕ್ಕೆ ಧಾವಿಸಿದರು. ಆ ಓಟ, ಗಾಳಿಗೆ ಹಾರುವ ಸೆರಗು, ಚಾಪೆ ಸುತ್ತುವ ಕೈಗಳು! ನಾನು ಕ್ಯಾಮರಾ ಎತ್ತಿದೆ. “ಪಟ ಆಮೇಲೆ ತೆಗೀಬಹುದು, ಮೊದ್ಲು ಈ ಚಾಪೆ ತುದಿ ಹಿಡಿ,” ಎಂದು ಅತ್ತೆ ಗದರಿದರು. ಹಿಡಿದೆ. ಆ ಪ್ರವಾಸದ ಉತ್ತಮ ಚಿತ್ರ ಅದೇ ಆಗುತ್ತಿತ್ತೆಂದು ಈಗಲೂ ನನ್ನ ನಂಬಿಕೆ. ಹಿಡಿಯದಿದ್ದರೆ ಮಧ್ಯಾಹ್ನದ ಊಟಕ್ಕೆ ಯಾವ ಮುಖದಿಂದ ಕೂರುತ್ತಿದ್ದೆನೋ ಕಾಣೆ.

ಅಡಿಕೆ ಒಳಸೇರುವಷ್ಟರಲ್ಲಿ ಹನಿ ನಿಂತಿತು! ಮೂರು ಗಂಟೆಗೆ ನಾವಿಬ್ಬರೂ ಹೊರಟೆವು. ಒಣಗಿ ಕಪ್ಪಾದ ಮರದ ಬೊಡ್ಡೆಗಳ ನಡುವೆ ಮಾವ ಎಡಬಲ ನೋಡದೆ ನಡೆದರು. ಕಣ್ಣಿಗೆ ದಾರಿ ಕಾಣದಿದ್ದರೂ ಕಾಲಿಗೆ ಗೊತ್ತಿತ್ತು. ಒಂದೆಡೆ ಕೆಸರಿನಿಂದ ಜಂಬಿಟ್ಟಿಗೆಯ ಮೂರು ಮೆಟ್ಟಿಲು ತಲೆಯೆತ್ತಿದ್ದವು. ಅವರು ಚಪ್ಪಲಿ ಬಿಟ್ಟು, ಮೇಲಿನ ಮೆಟ್ಟಿಲ ಮೇಲೆ ಕೂತು, ಅದನ್ನು ಅಂಗೈಯಿಂದ ಒರೆಸತೊಡಗಿದರು. ಸಾಮಾನ್ಯವಾಗಿ ಪಟವೆಂದರೆ ಶಾಲು ಹೊದ್ದು ನೆಟ್ಟಗೆ ನಿಲ್ಲುವವರು. ಅಂದು ನಾನಿರುವುದನ್ನೇ ಮರೆತಿದ್ದರು. ಮೋಡದ ಗುರುತಿಟ್ಟು ಮೂರನ್ನೂ ತೆಗೆದೆ. ಕೊನೆಯದಕ್ಕೆ ಗುಂಡಿ ಒತ್ತುವಾಗ ಪಡುವಣದಿಂದ ಬಿಸಿಲು ಇಣುಕಿತು.

ತೊಳೆಸಿದಾಗ ಮಂಜಿನ ಚಿತ್ರಗಳು ಬರಿಯ ಬೂದಿಬಣ್ಣ. ಮುತ್ತುಗವು ಎಲೆಯಿಲ್ಲದ ಯಾವುದೋ ಮರ. ಮೆಟ್ಟಿಲಿನ ಮೂರರಲ್ಲಿ ಎರಡು ಅಲುಗಿದ್ದವು. ಉಳಿದ ಒಂದರಲ್ಲಿ ಮಾವನ ಬೆನ್ನು, ಕಲ್ಲಿನ ಮೇಲಿನ ಕೈ, ಅದರ ಮೇಲೆ ಬಿದ್ದ ಬಿಸಿಲು. ಪ್ರತಿ ಕಳುಹಿಸಿದೆ. ಮಾವ ಬಹಳ ಹೊತ್ತು ನೋಡಿ, “ಇದು ನಮ್ಮ ಬಾವಿಯದಲ್ಲವೋ ಏನೋ, ಪಕ್ಕದ ಮನೆಯವರದೇ ಇರಬೇಕು,” ಎಂದರಂತೆ. ಆದರೂ ಅದನ್ನು ಪಂಚಾಂಗದೊಳಗೆ ಇಟ್ಟುಕೊಂಡರು.

ಅದೇ ಕಾರ್ತಿಕದಲ್ಲಿ ಅವರು ಲಿಂಗೈಕ್ಯರಾದರು. ಮರುವರ್ಷ ಫಾಲ್ಗುಣದಲ್ಲಿ ನಾನೊಬ್ಬನೇ ಹೋದೆ. ನೀರು ಅಷ್ಟಾಗಿ ಇಳಿದಿರಲಿಲ್ಲ. ಬೊಡ್ಡೆಯೊಂದರ ತುದಿಯಲ್ಲಿ ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು. ಒಂದು ಚಿತ್ರ ತೆಗೆದೆ. ಅದರಲ್ಲಿ ನೀರು ಬಿಟ್ಟರೆ ಹೆಚ್ಚೇನೂ ಕಾಣದು. ಅತ್ತೆ ಅದನ್ನೂ ಕೇಳಿ ಪಡೆದು, ಅದೇ ಪಂಚಾಂಗದಲ್ಲಿ ಇಟ್ಟರು.