ಕೋವಿಗೆ ಹಚ್ಚಿದ ಮೇಣ

ಕೊಡಗಿನಲ್ಲಿ ಕೋವಿ ಒರೆಸುವುದು ಹಬ್ಬದ ಕೆಲಸ. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್‌ಗೆ ಮನೆಯ ಕೋವಿ, ಕತ್ತಿಗಳನ್ನೆಲ್ಲ ಹೊರಗೆ ತೆಗೆದು, ಉಜ್ಜಿ, ಗಂಧ ಇಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಕನ್ನಡದಲ್ಲಿ ಅಗ್ನಿಶಿಖೆ ಅನ್ನುತ್ತಾರಲ್ಲ, ಅದೇ. ಪೂಜೆಯಾದ ಮೇಲೆ ಕಡುಬು, ಪಂದಿ ಕರಿ, ಆಮೇಲೆ ತೆಂಗಿನಕಾಯಿಗೆ ಗುರಿ. ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ: ಹಚ್ಚಿದ ಗಂಧವನ್ನು ತೆಗೆಯುವುದು. ಗಂಧ ಒದ್ದೆ. ಕೊಡಗಿನ ಮಳೆಗಾಲದ ಹವೆಯಲ್ಲಿ ಆ ಬೊಟ್ಟಿನ ಕೆಳಗೆ ಒಂದೇ ರಾತ್ರಿಯಲ್ಲಿ ತುಕ್ಕು ಹತ್ತಬಹುದು. ಹಾಗಾಗಿ ಅಪ್ಪ ಊಟದ ಕೈ ತೊಳೆದವರೇ ಒಣ ಬಟ್ಟೆ ಹಿಡಿಯುತ್ತಿದ್ದರು. "ಹಚ್ಚಿದ್ದನ್ನು ತೆಗೆಯೋಕೆ ಮರೆಯುವವರು ಹಚ್ಚಲೇಬಾರದು ಮಗ" ಅನ್ನುತ್ತಿದ್ದರು.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿ 1861ರಷ್ಟು ಹಳೆಯದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ನಾನಿರುವುದು ಗುರುಗ್ರಾಮದಲ್ಲಿ, ಹದಿನೇಳನೇ ಮಹಡಿಯಲ್ಲಿ. ನನ್ನದು ಪಾಯಿಂಟ್ ಟೂ ಟೂ ಬೋರಿನ ಗುರಿ ಸ್ಪರ್ಧೆಯ ರೈಫಲ್, ಪರವಾನಗಿ ಪಡೆದದ್ದು, ಉಕ್ಕಿನ ಕಪಾಟಿನಲ್ಲಿ ಬೀಗದೊಳಗೆ ಇರುವಂಥದ್ದು. ಹಬ್ಬಕ್ಕೆ ಅದಕ್ಕೂ ಗಂಧ ಇಡುತ್ತೇನೆ. ತೋಕ್ ಪೂ ಇಲ್ಲಿ ಸಿಗುವುದಿಲ್ಲ, ಚೆಂಡು ಹೂವೇ ಗತಿ.

ಈ ಊರಿನ ಹವೆ ಮರಕ್ಕೆ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿಯ ಒಣಗಾಳಿ, ಆಗಸ್ಟ್‌ನಲ್ಲಿ ಬೆವರು ಆರದ ಸೆಕೆ, ಜನವರಿಯಲ್ಲಿ ನಾಲ್ಕೈದು ಡಿಗ್ರಿಯ ಮಂಜು. ರೈಫಲಿನ ಮರದ ಹಿಡಿ, ಅಂದರೆ ಸ್ಟಾಕ್, ಇದಕ್ಕೆ ತಕ್ಕಂತೆ ಉಬ್ಬುತ್ತದೆ, ಕುಗ್ಗುತ್ತದೆ. ಅದರೊಳಗೆ ಎರಡು ತಿರುಪುಗಳ ಮೇಲೆ ಕೂತಿರುವ ಲೋಹದ ಭಾಗಕ್ಕೆ, ಆಕ್ಷನ್‌ಗೆ, ಕೆಳಗೆ ಎಲ್ಲ ಕಡೆ ಸಮನಾದ ಆಸರೆ ಸಿಗದೆ ಹೋದರೆ ತಿರುಪು ಬಿಗಿದಾಗ ಅದು ಕೂದಲೆಳೆಯಷ್ಟು ಬಾಗುತ್ತದೆ. ಕೂದಲೆಳೆಯೇ ಸಾಕು. ಬೆಳಿಗ್ಗೆ ಹತ್ತಕ್ಕೆ ಬಿದ್ದ ಗುಂಡು ಮಧ್ಯಾಹ್ನ ಒಂಬತ್ತಕ್ಕೆ ಬೀಳುತ್ತದೆ, ನೀವು ನಿಮ್ಮ ಉಸಿರನ್ನೋ ನಿದ್ದೆಯನ್ನೋ ಬೈದುಕೊಳ್ಳುತ್ತೀರಿ.

ಇದಕ್ಕೆ ಪರಿಹಾರ ಬೆಡ್ಡಿಂಗ್. ಮರವನ್ನು ಸ್ವಲ್ಪ ಕೆತ್ತಿ ಎಪಾಕ್ಸಿ ತುಂಬಿ, ಅದು ಮೆತ್ತಗಿರುವಾಗಲೇ ಆಕ್ಷನ್ನನ್ನು ಅದರಲ್ಲಿ ಕೂರಿಸುತ್ತಾರೆ. ಗಟ್ಟಿಯಾದ ಮೇಲೆ ಲೋಹದ ಅಚ್ಚು ಅದರಲ್ಲಿ ಮೂಡಿರುತ್ತದೆ, ಇಡ್ಲಿ ತಟ್ಟೆಯ ಗುಳಿಯಲ್ಲಿ ಇಡ್ಲಿ ಕೂತಂತೆ. ತಟ್ಟೆಗೆ ಎಣ್ಣೆ ಸವರದಿದ್ದರೆ ಇಡ್ಲಿ ಏಳುತ್ತದೆಯೇ? ಹಾಗೆಯೇ ಇಲ್ಲಿ ಲೋಹಕ್ಕೆ ಮೊದಲೇ ಬಿಡಿಸುವ ಲೇಪ ಹಚ್ಚಬೇಕು. ಕೆಲವರು ಮೇಣ ಹಚ್ಚುತ್ತಾರೆ, ಕೆಲವರು ಬಣ್ಣವಿಲ್ಲದ ಬೂಟ್ ಪಾಲಿಶ್, ಕೆಲವರು ನೀರಿನಲ್ಲಿ ಕರಗುವ ಪಿವಿಎ, ಇನ್ನು ಕೆಲವರು ಸಿಲಿಕೋನ್ ಸ್ಪ್ರೇ. ಲೇಪ ಹತ್ತದ ಒಂದು ಮೂಲೆ ಉಳಿದರೂ ಆಕ್ಷನ್ ಮರಕ್ಕೆ ಖಾಯಂ ಅಂಟಿಕೊಳ್ಳುತ್ತದೆ. ಆ ಹೆದರಿಕೆಗೇ ಎಲ್ಲರೂ ಧಾರಾಳವಾಗಿ ಹಚ್ಚುತ್ತಾರೆ. ಧಾರಾಳವಾಗಿ ಹಚ್ಚಿದ್ದು ಎಲ್ಲೆಲ್ಲೋ ಹೋಗಿ ಸೇರುತ್ತದೆ.

ನನ್ನ ರೈಫಲಿಗೆ ಬೆಡ್ಡಿಂಗ್ ಮಾಡಿಕೊಟ್ಟವರು ಹಳೇ ದಿಲ್ಲಿಯ ಒಬ್ಬ ಪರವಾನಗಿ ಇರುವ ಕುಶಲಕರ್ಮಿ, ಎಪ್ಪತ್ತು ದಾಟಿದವರು. ಎಲ್ಲರೂ ಉಸ್ತಾದ್‌ಜೀ ಅನ್ನುತ್ತಾರೆ. ಅವರು ವಾಪಸ್ ಕೊಡುವಾಗಲೇ ಹೇಳಿದ್ದರು: "ಹೊರಗಿಂದು ಒರೆಸಿದ್ದೇನೆ. ಎಪಾಕ್ಸಿ ಇನ್ನೂ ಹಸಿ. ಒಂದು ವಾರ ಬಿಟ್ಟು ಬಿಚ್ಚಿ, ಒಳಗಿನದು ನೀವೇ ತೆಗೆಯಿರಿ. ಕುದುರೆ ಪೆಟ್ಟಿಗೆಗೆ ಮಾತ್ರ ಕೈ ಹಾಕಬೇಡಿ." ವಾರ ಬಿಡಲು ಹೇಳಿದ್ದಕ್ಕೆ ಕಾರಣವಿದೆ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಗೆ ಥಿನ್ನರ್ ತಾಗಿದರೆ ಮೇಲ್ಮೈ ಮೆತ್ತಗಾಗುತ್ತದೆ, ಕೊಟ್ಟ ದುಡ್ಡೆಲ್ಲ ನೀರಿಗೆ.

ಬಿಚ್ಚಿದಾಗ ನೋಡಿದೆ. ತಿರುಪಿನ ರಂಧ್ರಗಳ ಎಳೆಗಳಲ್ಲಿ ಬಿಳಿ ಮೇಣ, ಬೋಲ್ಟ್ ಓಡುವ ದಾರಿಯ ಮೂಲೆಗಳಲ್ಲಿ ಇನ್ನಷ್ಟು. ಎಪಾಕ್ಸಿಯ ಮೇಲೂ ತೆಳ್ಳಗೆ ಒಂದು ಪದರ. ನೋಡಲು ನಿರುಪದ್ರವಿ, ಮೊಂಬತ್ತಿ ಕರಗಿ ಬಿದ್ದ ಹಾಗೆ. ಆದರೆ ತಿರುಪಿನ ಎಳೆಯಲ್ಲಿ ಮೇಣ ಇದ್ದರೆ ಜಾರಿಕೆ ಹೆಚ್ಚಿ, ಅಳತೆಯ ಕೀಲಿಯಲ್ಲಿ ಅದೇ ಅಂಕೆ ತೋರಿಸಿದರೂ ಬಿಗಿ ಬೇರೆಯಾಗುತ್ತದೆ. ಎಪಾಕ್ಸಿಯ ಮೇಲಿನ ಪದರ ಒಂದೊಂದೇ ಗುಂಡಿಗೆ ಹಿಸುಕಿ ಸರಿಯುತ್ತ ಹೋಗುತ್ತದೆ, ಗುರಿಯೂ ಸರಿಯುತ್ತದೆ. ಮೇಣದಡಿ ಸಿಕ್ಕಿಬಿದ್ದ ಬೆವರು ತುಕ್ಕಾಗುತ್ತದೆ. ಇವೆಲ್ಲ ಅಂಕ ಕಳೆಯುವ ವಿಷಯಗಳು. ಜೀವದ ವಿಷಯ ಬೇರೆ, ಅದಕ್ಕೆ ಬರುತ್ತೇನೆ.

ಮೊದಲು ಬೋಲ್ಟ್ ಹೊರಗೆ, ಮ್ಯಾಗಜೀನ್ ಹೊರಗೆ. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ತೋಟೆ ಕೂರುವ ಜಾಗವನ್ನು ಕಣ್ಣಿಂದ ನೋಡಿದ ಮೇಲೆ ಕಿರುಬೆರಳಿನಿಂದಲೂ ಮುಟ್ಟಿ ನೋಡುವುದು ನನ್ನ ಅಭ್ಯಾಸ, ಅಪ್ಪನಿಂದ ಬಂದದ್ದು. ಆಮೇಲೆ ಅಲ್ಲಿಗೆ ಒಂದು ಬಟ್ಟೆ ತುಂಡು ತುರುಕುತ್ತೇನೆ, ಕರಗಿದ ಮೇಣ ನಳಿಗೆಯೊಳಗೆ ಇಳಿಯದಿರಲಿ ಎಂದು. ಆ ತುಂಡಿಗೆ ಮೊಳದುದ್ದದ ಕೆಂಪು ದಾರ ಕಟ್ಟಿರುತ್ತೇನೆ. ಅದು ಹೊರಗೆ ನೇತಾಡುತ್ತಿರಬೇಕು. ನಳಿಗೆಯಲ್ಲಿ ಮರೆತ ಬಟ್ಟೆಯ ತುಂಡಿನ ಹಿಂದೆ ಗುಂಡು ಹೊರಟರೆ ಏನಾಗುತ್ತದೆ ಎಂಬುದನ್ನು ಒಡೆದ ನಳಿಗೆಯ ಫೋಟೋ ನೋಡಿದವರಿಗೆ ವಿವರಿಸಬೇಕಿಲ್ಲ.

ಯಾವ ಲೇಪ ಹಚ್ಚಿದ್ದರು ಎಂದು ಕೇಳಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಪಿವಿಎ ಆದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು, ತಕ್ಷಣ ಒಣಗಿಸಬೇಕು ಅಷ್ಟೆ. ಮೇಣ, ಪಾಲಿಶ್ ಆದರೆ ಪೇಂಟ್ ಅಂಗಡಿಯ ಟರ್ಪೆಂಟೈನ್. ಇಲ್ಲಿ "ತಾರ್‌ಪೀನ್" ಎಂದು ಕೇಳಿದರೆ ಕೊಡುತ್ತಾರೆ. ಸಿಲಿಕೋನ್ ಹಟಮಾರಿ, ಅದೇ ಟರ್ಪೆಂಟೈನಿನಲ್ಲಿ ಮೂರು ನಾಲ್ಕು ಸಲ, ಪ್ರತಿ ಸಲ ಹೊಸ ಬಟ್ಟೆಯಲ್ಲಿ ಒರೆಸಬೇಕು. ಅದರ ಪಸೆ ಮರಕ್ಕೆ ತಾಗಿದರೆ ಮುಂದೆ ವಾರ್ನಿಶ್ ಹಿಡಿಯುವುದಿಲ್ಲ. ಅಸಿಟೋನ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಹಿಡಿಯ ಪಾಲಿಶನ್ನೂ ಪ್ಲಾಸ್ಟಿಕ್ ಭಾಗಗಳನ್ನೂ ಅಷ್ಟೇ ಬೇಗ ತಿನ್ನುತ್ತದೆ, ತೆಳು ನೈಟ್ರೈಲ್ ಕೈಗವಸನ್ನೂ. ನಾನು ಅದನ್ನು ಮನೆಯೊಳಗೆ ತರುವುದಿಲ್ಲ. ಪೆಟ್ರೋಲಿನಲ್ಲಿ ತೊಳೆಯುವವರನ್ನು ನೋಡಿದ್ದೇನೆ, ಅವರ ಧೈರ್ಯಕ್ಕೆ ನಮಸ್ಕಾರ. ವರ್ಕ್‌ಶಾಪಿನ ಬ್ರೇಕ್ ಕ್ಲೀನರಿನಲ್ಲಿ ಕ್ಲೋರಿನ್ ಇರುವ ಬಗೆಯೂ ಇದೆ. ಅದರ ಆವಿ ಬಿಸಿ ಹೀಟರಿಗೋ ಬೆಂಕಿಗೋ ತಾಗಿದರೆ ಫಾಸ್ಜೀನ್ ಹುಟ್ಟಬಹುದು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದು.

ಗುರುಗ್ರಾಮದ ಫ್ಲ್ಯಾಟಿನಲ್ಲಿ ನಿಜವಾದ ತೊಡಕು ಗಾಳಿಯದು. ನವೆಂಬರ್‌ನಿಂದ ಜನವರಿವರೆಗೆ ಹೊರಗಿನ ಹೊಗೆಗೆ ಹೆದರಿ ಕಿಟಕಿ ಮುಚ್ಚಿರುತ್ತೇವೆ, ಒಳಗೆ ಹೀಟರ್ ಕೆಂಪಗೆ ಉರಿಯುತ್ತಿರುತ್ತದೆ. ಟರ್ಪೆಂಟೈನಿನ ಆವಿ ಸುಮಾರು 40 ಡಿಗ್ರಿಯ ಹೊತ್ತಿಗೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಅಸಿಟೋನ್ ಸೊನ್ನೆಗಿಂತ ಹದಿನೆಂಟಿಪ್ಪತ್ತು ಡಿಗ್ರಿ ಕೆಳಗೇ ಅದಕ್ಕೆ ತಯಾರು. ಈ ಆವಿಗಳೆಲ್ಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಹೋಗುತ್ತವೆ. ನಮ್ಮ ಮನೆಯಲ್ಲಿ ದೇವರ ದೀಪ ಇರುವುದು ನೆಲದ ಮೇಲಿನ ಮಣೆಯಲ್ಲಿ. ಹಾಗಾಗಿ ಈ ಕೆಲಸ ಮಧ್ಯಾಹ್ನ, ಬಾಲ್ಕನಿಯಲ್ಲಿ, ಒಳಬಾಗಿಲು ಹಾಕಿಕೊಂಡು, ದೀಪ ಆರಿದ ಮೇಲೆ. ಹೊರಗಿನ ಗಾಳಿ ಕೆಟ್ಟದ್ದೇ, ಆದರೂ ಒಂದು ಗಂಟೆಯ ಮಟ್ಟಿಗೆ ಮುಚ್ಚಿದ ಕೋಣೆಯ ಟರ್ಪೆಂಟೈನಿಗಿಂತ ಅದೇ ವಾಸಿ. ಮಗಳಿಗೆ ಎಂಟು ವರ್ಷ, ಆ ಹೊತ್ತಿಗೆ ಅವಳು ಶಾಲೆಯಲ್ಲಿರುತ್ತಾಳೆ.

ಉಜ್ಜಲು ಹಳೆಯ ಹಲ್ಲುಜ್ಜುವ ಬ್ರಷ್ಷು, ಕಿವಿಗೆ ಹಾಕುವ ಹತ್ತಿ ಕಡ್ಡಿ, ಬಿದಿರಿನ ಹಲ್ಲುಕಡ್ಡಿ. ಉಕ್ಕಿನ ತಂತಿಯ ಬ್ರಷ್ ಬೇಡ, ಲೋಹದ ಮೇಲಿನ ಕಪ್ಪು ಲೇಪ ಹೋಗುತ್ತದೆ. ಟರ್ಪೆಂಟೈನನ್ನು ರೈಫಲಿನ ಮೇಲೆ ಸುರಿಯಬಾರದು, ಬಟ್ಟೆಗೆ ಹಾಕಿ ಬಟ್ಟೆಯಿಂದ ಒರೆಸಬೇಕು. ಎಪಾಕ್ಸಿಯ ಮೇಲ್ಮೈಗೆ ಹಿಂಡಿದ ಬಟ್ಟೆ, ಮರಕ್ಕೆ ತಾಗದಂತೆ. ತಿರುಪಿನ ರಂಧ್ರಕ್ಕೆ ಹತ್ತಿ ಸುತ್ತಿದ ಕಡ್ಡಿಯನ್ನು ತಿರುಗಿಸುತ್ತ ಒಳಗೆ ಬಿಟ್ಟು ಅದು ಬೆಳ್ಳಗೇ ಹೊರಬರುವವರೆಗೆ. ನನ್ನದಕ್ಕೆ ಹನ್ನೊಂದು ಕಡ್ಡಿ ಹಿಡಿಯಿತು.

ಈಗ ಜೀವದ ವಿಷಯ. ಲೋಹವೆಲ್ಲ ಸ್ವಚ್ಛವಾದ ಮೇಲೆ ಸುರಕ್ಷತೆಯ ಗುಂಡಿಯನ್ನು ಹಿಂದೆಮುಂದೆ ಆಡಿಸಿದೆ. ಹೋಗುತ್ತದೆ, ಬರುತ್ತದೆ. ಆದರೆ ಕೊನೆಯಲ್ಲಿ "ಟಿಕ್" ಎನ್ನುವ ಆ ಸದ್ದಿಲ್ಲ. ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಅಕ್ಕಿ ಕಾಳಿನಷ್ಟು ವಾಪಸ್ ಬರುತ್ತದೆ. ಅಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟು ಆಡಿಸಿದ್ದರೆ ಸರಿಹೋಗಿದೆ ಅನಿಸುತ್ತಿತ್ತೇನೋ. ಆದರೆ ಎಣ್ಣೆ ಮೇಣವನ್ನು ಇನ್ನೂ ಒಳಗೆ ತಳ್ಳಿ, ಧೂಳು ಹಿಡಿದು, ಚಳಿಗೆ ಗೋಂದಾಗುತ್ತದೆ. ಮರುದಿನ ಉಸ್ತಾದ್‌ಜೀ ಹತ್ತಿರ ಒಯ್ದೆ. ಅವರು ಕುದುರೆ ಪೆಟ್ಟಿಗೆಯನ್ನು ಬಿಚ್ಚಿ ಚಿಮುಟದಲ್ಲಿ ಒಂದು ಮೇಣದ ಕಾಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಸಾಸಿವೆಗಿಂತ ದೊಡ್ಡದಲ್ಲ.

ಕುದುರೆಯೊಳಗೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಎರಡು ಉಕ್ಕಿನ ಅಂಚುಗಳಿವೆ. ಸ್ಪರ್ಧೆಯ ರೈಫಲಿನಲ್ಲಿ ಅವು ಹಿಡಿದುಕೊಳ್ಳುವ ಅಗಲ ಬಹಳ ಕಡಿಮೆ, ಬೆರಳಿಗೆ ಹಗುರ ಬೇಕಲ್ಲ. ನಡುವೆ ಮೇಣ ಬಂದರೆ ಆ ಅಗಲವೂ ಪೂರ್ತಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಮೇಣ ಮೆತ್ತಗಿದ್ದು ದಾರಿ ಬಿಡುತ್ತದೆ, ಜನವರಿಯ ಬೆಳಿಗ್ಗೆ ಐದು ಡಿಗ್ರಿಯಲ್ಲಿ ಕಲ್ಲಾಗುತ್ತದೆ. ಬೋಲ್ಟ್ ಮುಚ್ಚಿದ ಏಟಿಗೆ, ಅಥವಾ ಹಿಡಿ ಮೇಜಿಗೆ ತಾಗಿದ ಏಟಿಗೆ, ಬೆರಳು ಮುಟ್ಟದೆಯೇ ಗುಂಡು ಹೊರಡಬಹುದು. ರೇಂಜಿನಲ್ಲಿ ನನ್ನ ಎಡಕ್ಕೂ ಬಲಕ್ಕೂ ಒಂದು ಮೀಟರಿನಾಚೆ ಮನುಷ್ಯರು ಮಲಗಿರುತ್ತಾರೆ, ಹಲವರು ಕಾಲೇಜು ಹುಡುಗ ಹುಡುಗಿಯರು. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕೆಂಬ ನಿಯಮ ಇರುವುದು ಇಂಥದ್ದಕ್ಕೇ. ಆದರೂ ಆ ಸಾಸಿವೆ ಕಾಳನ್ನು ನೋಡಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಉಸ್ತಾದ್‌ಜೀ ಈಗ ಬೆಡ್ಡಿಂಗಿಗೆ ಮುಂಚೆ ಕುದುರೆ ಪೆಟ್ಟಿಗೆಯನ್ನೇ ತೆಗೆದು ಪಕ್ಕಕ್ಕಿಟ್ಟು, ಆ ಖಾಲಿ ಜಾಗಕ್ಕೆ ಮಕ್ಕಳ ಆಟದ ಮೇಣಮಣ್ಣು ತುಂಬುತ್ತಾರೆ. ನೀವು ಯಾರಲ್ಲಿಗಾದರೂ ಕೊಡುವುದಿದ್ದರೆ ಇದೊಂದನ್ನು ಮೊದಲೇ ಕೇಳಿ.

ಟರ್ಪೆಂಟೈನ್ ಮೇಣದ ಜೊತೆ ಎಣ್ಣೆಯ ರಕ್ಷಣೆಯನ್ನೂ ಒಯ್ದಿರುತ್ತದೆ, ಉಕ್ಕು ಬೆತ್ತಲೆ. ಅದು ಆರಿದ ಕೂಡಲೇ ತೆಳು ಎಣ್ಣೆ ತಾಗಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸುತ್ತೇನೆ. ಎಪಾಕ್ಸಿಗೆ, ತೋಟೆ ಕೂರುವ ಜಾಗಕ್ಕೆ ಎಣ್ಣೆ ಬೇಡ. ಕೆಂಪು ದಾರ ಎಳೆದು ಬಟ್ಟೆ ತೆಗೆದು, ನಳಿಗೆಗೆ ಎರಡು ಒಣ ತುಂಡು ಓಡಿಸಿ, ಬೆಳಕಿಗೆ ಹಿಡಿದು ಹಿಂದಿನಿಂದ ಮುಂದಕ್ಕೆ ನೋಡುತ್ತೇನೆ, ಬೋಲ್ಟ್ ಇನ್ನೂ ಹೊರಗೇ ಇರುವಾಗ. ತಿರುಪುಗಳನ್ನು ತಯಾರಕರು ಹೇಳಿದ ಬಿಗಿಗೆ ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದು. ಆಮೇಲೆ ಖಾಲಿ ರೈಫಲಿನಲ್ಲೇ ಸುರಕ್ಷತೆಯ ಗುಂಡಿ ಹಾಕಿ ಕುದುರೆ ಎಳೆಯುವುದು, ಬಿಡುವುದು, ಗುಂಡಿ ತೆಗೆಯುವುದು. ಏನೂ ಆಗಬಾರದು. ಬೋಲ್ಟ್ ಜೋರಾಗಿ ಮುಚ್ಚುವುದು. ಆಗಲೂ ಏನೂ ಆಗಬಾರದು. ಹತ್ತು ಸಲ ಮಾಡುತ್ತೇನೆ.

1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಕಟ್ಟಿದ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿಗೆ ಮುಂದಿನ ಭಾನುವಾರ ಹೋದೆ. ಮೊದಲ ಐದು ಗುಂಡು ಚದುರಿದವು, ಎಣ್ಣೆ ಒರೆಸಿದ ನಳಿಗೆಗೆ ಅದು ಸಹಜ. ಆಮೇಲೆ ಬೆಳಿಗ್ಗೆಯೂ ಮಧ್ಯಾಹ್ನವೂ ಗುಂಪು ಒಂದೇ ಕಡೆ ಬಿತ್ತು. ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, ಅಂಕ ಎಷ್ಟು ಎಂದು ಕೇಳಲಿಲ್ಲ. "ಆ ಮೇಣದ ಬಟ್ಟೆ ಏನು ಮಾಡಿದೆ?" ಎಂದರು.

ಅದನ್ನೂ ಹೇಳಬೇಕು. ಒದ್ದೆ ಬಟ್ಟೆಯನ್ನು ಉಂಡೆ ಮಾಡಿ ಡಬ್ಬಿಗೆ ತುರುಕಬಾರದು. ಬರಿ ಟರ್ಪೆಂಟೈನ್ ಆದರೆ ಬಾಲ್ಕನಿಯ ತಂತಿಗೆ ಬಿಡಿಬಿಡಿಯಾಗಿ ಹಾಕಿ ಆರಿಸುತ್ತೇನೆ. ಹಿಡಿಗೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆ ಇನ್ನೂ ಅಪಾಯ: ಆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಉಂಡೆಯೊಳಗೆ ಆ ಬಿಸಿ ಕೂಡಿ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಅದನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕುತ್ತೇನೆ. ನಮ್ಮ ಕಟ್ಟಡದ ಕಸವನ್ನು ನೆಲಮಾಳಿಗೆಯಲ್ಲಿ ಇಬ್ಬರು ಕೈಯಿಂದಲೇ ಬೇರ್ಪಡಿಸುತ್ತಾರೆ, ಒಬ್ಬ ಬೀಡಿ ಸೇದುತ್ತಾನೆ. ಆ ಡಬ್ಬಿಯನ್ನು ಬಾಗಿಲ ಹೊರಗಿಡದೆ ನಾನೇ ಕೆಳಗೆ ಒಯ್ದು, ಒಳಗೆ ಏನಿದೆ ಎಂದು ಹೇಳಿ ಅವನ ಕೈಗೆ ಕೊಟ್ಟು ಬರುತ್ತೇನೆ.